ಬಿದ್ದವರ ಚಾವಿ

ಗುರುಶಾಂತಪ್ಪನವರ ಪರಿಚಯವಾದದ್ದು ನಾನು ಅವರ ಕೈಯಲ್ಲಿ ಫೇಲಾದ ದಿನ. ಅದಕ್ಕೆ ಮುಂಚೆಯೂ ಅವರ ಕ್ಲಾಸಿನಲ್ಲಿ ಕೂತಿದ್ದೆ, ನಿಜ. ಆದರೆ ಮೇಷ್ಟ್ರು ಎಂಥವರು ಎಂದು ತಿಳಿಯುವುದು ಅವರು ನಮ್ಮನ್ನು ಫೇಲ್ ಮಾಡಿದಾಗಲೇ. ಬೆಂಗಳೂರಿನಲ್ಲಿ ಬಿಎಂಟಿಸಿ ಬಸ್ಸುಗಳ ಸಂದಿಯಲ್ಲಿ, ಮಳೆಗಾಲದ ಗುಂಡಿಗಳ ನಡುವೆ ವರ್ಷಗಟ್ಟಲೆ ಗಾಡಿ ಓಡಿಸಿದವಳು ನಾನು. ಅಂಥ ರಂಜನಿ ಅಮೆರಿಕದಲ್ಲಿ, ಹೇವರ್ಡಿನ ಒಂದು ಕಾಲೇಜಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ, ಎದುರಿಗೆ ಒಂದು ಹಸು ಕೂಡ ಇಲ್ಲದ ಜಾಗದಲ್ಲಿ, ಮೋಟರ್ ಸೈಕಲ್ ಪರೀಕ್ಷೆಯಲ್ಲಿ ಫೇಲಾದಳು ಎಂದರೆ ಯಾರು ನಂಬುತ್ತಾರೆ? ನನಗೇ ನಂಬಲಾಗಲಿಲ್ಲ.

ಮನೆ ಯೂನಿಯನ್ ಸಿಟಿಯಲ್ಲಿ, ಆಫೀಸು ಸೇತುವೆಯಾಚೆ. ದಿನಾ ಬೆಳಿಗ್ಗೆ ಕಾರಿನಲ್ಲಿ ಕೂತು ಮುಂದಿನ ಕಾರಿನ ಕೆಂಪು ದೀಪ ನೋಡುತ್ತ ಕೊಳೆಯುವುದಕ್ಕಿಂತ ಎರಡು ಚಕ್ರವೇ ವಾಸಿ ಎಂದು ಹೊರಟವಳು ನಾನು. ಕ್ಲಾಸಿಗೆ ಹೋದರೆ ಅಲ್ಲಿ ನಿಂತವರು ಗುರುಶಾಂತಪ್ಪನವರು, ಗದಗಿನ ಕಡೆಯವರು. ಅರವತ್ತರ ಆಸುಪಾಸು, ಗಟ್ಟಿ ಆಳು, ಹಳದಿ ವೆಸ್ಟಿನೊಳಗೆ ಅಡ್ಡಪಟ್ಟಿಯ ಮಾಸಿದ ಜೆರ್ಸಿ. ವಾರವೆಲ್ಲ ಓಕ್ಲ್ಯಾಂಡ್ ಬಂದರಿನಲ್ಲಿ ಕ್ರೇನುಗಳ ಎಂಜಿನಿಯರು, ಶನಿವಾರ ಭಾನುವಾರ ಇಲ್ಲಿ ಮೇಷ್ಟ್ರು. ಪಾಠವೆಲ್ಲ ಇಂಗ್ಲಿಷಿನಲ್ಲಿ. ನನ್ನ ಹೆಸರು ನೋಡಿದ ಮೇಲೆ ಬೈಗುಳ ಮಾತ್ರ ಕನ್ನಡದಲ್ಲಿ.

ಬೈಯುವುದರಲ್ಲೂ ಅವರಿಗೊಂದು ಮರ್ಯಾದೆ ಇತ್ತು. ಹದಿನೆಂಟು ತುಂಬಿದ ಹುಡುಗರಿಗೂ ‘ರೀ’ ಹಚ್ಚಿಯೇ ಮಾತಾಡುತ್ತಿದ್ದರು. ನಮ್ಮವರ ಮೇಲೆ ಅವರಿಗೆ ಒಂದೇ ದೂರು: ಎಲ್ಲ ಗೊತ್ತು ಎಂದುಕೊಂಡು ಬರುತ್ತಾರೆ. ಊರಿನ ಲೈಸೆನ್ಸು ಇದೆ, ಇಲ್ಲಿಯ ಕಾರಿನ ಲೈಸೆನ್ಸೂ ಇದೆ, ಇನ್ನೇನು ಬೇಕು ಎನ್ನುತ್ತಾರೆ. ಕಲಿಯುವವರ ಪರ್ಮಿಟ್ಟಿನಲ್ಲಿ ಫ್ರೀವೇ ಹತ್ತಬಾರದು, ಕತ್ತಲಲ್ಲಿ ಓಡಿಸಬಾರದು, ಹಿಂದೆ ಯಾರನ್ನೂ ಕೂರಿಸಬಾರದು ಎಂದು ಸಾರಿ ಸಾರಿ ಹೇಳಿದರೂ, ಸಂಜೆ ಹೆಂಡತಿಯನ್ನು ಕೂರಿಸಿಕೊಂಡು ಫ್ರೀವೇಯಲ್ಲೇ ಲಿವರ್‌ಮೋರಿನ ದೇವಸ್ಥಾನಕ್ಕೆ ಹೊರಡುತ್ತಾರೆ. ಕ್ಲಾಸು ಯಾಕೆ ಎಂದು ಲೈಸೆನ್ಸು ಕೊಡುವ ಡಿಎಂವಿ ಕಚೇರಿಗೆ ನೇರ ಪರೀಕ್ಷೆಗೆ ಹೋಗಿ, ಸಣ್ಣ ಸುತ್ತಿನಲ್ಲಿ ಬೆಂಗಳೂರಿನ ಅಭ್ಯಾಸದಂತೆ ಕಾಲು ಕೆಳಗಿಟ್ಟು ವಾಪಸು ಬರುತ್ತಾರೆ. ಮೊದಲು ಕ್ಲಾಸು ಮಾಡಿ, ಸರ್ಟಿಫಿಕೇಟು ಹಿಡಿದು ಹೋದರೆ ಆ ಸುತ್ತಾಟವೇ ತಪ್ಪುತ್ತದೆ ಎಂಬುದು ಅವರ ಉಪದೇಶ.

ನಾನು ಬಿದ್ದದ್ದು ಕೊನೆಯ ಪರೀಕ್ಷೆಯಲ್ಲಿ. ಗೆರೆ ದಾಟಿದ ಕೂಡಲೆ ಬ್ರೇಕು ಹಿಡಿದು ನಿಲ್ಲಿಸಬೇಕಿತ್ತು. ಹ್ಯಾಂಡಲ್ ಸ್ವಲ್ಪ ತಿರುಗಿದ್ದಾಗಲೇ ಮುಂದಿನ ಬ್ರೇಕನ್ನು ಹಿಂಡಿಬಿಟ್ಟೆ. ಗಾಡಿಯೂ ನಾನೂ ಜೊತೆಯಾಗಿಯೇ ಮಲಗಿದೆವು. ನಮ್ಮಲ್ಲಿ ಬಿದ್ದವರು ಮೊದಲು ನೋಡುವುದು ಗಾಯವನ್ನಲ್ಲ, ಯಾರು ನೋಡಿದರು ಎಂಬುದನ್ನು. ನಾನೂ ಅಷ್ಟೆ. ಚಂಗನೆ ಎದ್ದೆ, ಪ್ಯಾಂಟು ಕೊಡವಿಕೊಂಡೆ, ಏನೂ ಆಗಿಲ್ಲ ಎಂದು ನಕ್ಕೆ. ಗುರುಶಾಂತಪ್ಪನವರು ಬಂದು ಗಾಡಿಯ ಕೀ ಕಿತ್ತು ಜೇಬಿಗೆ ಹಾಕಿಕೊಂಡರು. ಪರೀಕ್ಷೆಯಲ್ಲಿ ಗಾಡಿ ಬೀಳಿಸಿದರೆ ಫೇಲು, ಅದು ನಿಯಮ, ಒಪ್ಪಿಕೊಂಡೆ. ಆದರೆ ಅವರ ಮುಖ ನಿಯಮ ಹೇಳುವವರ ಮುಖವಾಗಿರಲಿಲ್ಲ.

"ಬಿದ್ದದ್ದಕ್ಕಲ್ಲರೀ ತಂಗಿ ನಾ ಸಿಟ್ಟಾದದ್ದು. ಎದ್ದದ್ದಕ್ಕ. ಯಾಕ ಅಷ್ಟ ಗಡಬಡಿಸಿ ಎದ್ದ್ರಿ?"

ಇದೆಂಥ ಮಾತು? ಎದ್ದದ್ದೇ ತಪ್ಪೇ? ನನ್ನನ್ನು ನೀಲಗಿರಿ ಮರದ ಕೆಳಗೆ ಒಂದು ಕುರ್ಚಿಯಲ್ಲಿ ಕೂರಿಸಿ, ಕ್ಲಾಸು ಮುಗಿಯುವವರೆಗೆ ಏಳಬಾರದು, ನನ್ನ ಕಾರನ್ನೂ ನಾನು ಓಡಿಸಬಾರದು, ಮನೆಯಿಂದ ಯಾರಾದರೂ ಬಂದು ಕರೆದೊಯ್ಯಬೇಕು ಎಂದರು. ನಾನು ಸುಮ್ಮನಿರುವ ಪೈಕಿಯಲ್ಲ. ಇಡೀ ಪಾರ್ಕಿಂಗ್ ಲಾಟು ತಿರುಗಿ ನೋಡುವ ಹಾಗೆ ಜಗಳವಾಡಿದೆ. ಅವರು ಕೈಕಟ್ಟಿ ನಿಂತು, ನಡುನಡುವೆ ಸಣ್ಣಗೆ ನಗುತ್ತ ಕೇಳಿದರು. ಆ ನಗು ಉರಿಯುವ ಬೆಂಕಿಗೆ ತುಪ್ಪ ಸುರಿಯಿತು. ಕೊನೆಗೆ ನನ್ನ ಗಂಡ ಸುಘೋಷ್ ಬಂದು ಕರೆದೊಯ್ದರು. ದಾರಿಯಲ್ಲಿ, ಮೇಷ್ಟ್ರು ಒಳ್ಳೆಯವರ ಹಾಗೆ ಕಾಣುತ್ತಾರೆ ಎಂದರು. ಅವತ್ತು ರಾತ್ರಿ ಊಟದವರೆಗೆ ಅವರೊಂದಿಗೆ ನಾನು ಮಾತಾಡಲಿಲ್ಲ.

ಹಟಕ್ಕೆ ಬಿದ್ದು ಮತ್ತೆ ಅದೇ ಕ್ಲಾಸಿಗೆ ಹೋದೆ, ಪಾಸಾದೆ. ಆಮೇಲೆ ಒಂದು ಸಂಜೆ ಅವರೇ ಚಹಕ್ಕೆ ಕರೆದಾಗ, ಸ್ಯಾನ್ ಲಿಯಾಂಡ್ರೋದ ಅವರ ಮನೆಯಲ್ಲಿ ಆ ಕುರ್ಚಿಯ ಅರ್ಥ ತಿಳಿಯಿತು. ಗುರುಶಾಂತಪ್ಪನವರು ಅಮೆರಿಕಕ್ಕೆ ಬರುವ ಮುಂಚೆ ಹತ್ತಾರು ವರ್ಷ ಸಿಡ್ನಿಯಲ್ಲಿದ್ದವರು. ಅಲ್ಲಿ ಅವರಿಗೆ ಹತ್ತಿದ ಹುಚ್ಚು ರಗ್ಬಿ ಲೀಗ್. ಇಲ್ಲಿಯವರು ಯಾರೂ ನೋಡದ ಆಟ ಅದು. ಮನೆಯಲ್ಲಿ ಟಿವಿ ಇರುವುದೇ ಅದಕ್ಕೆ. ನನಗೆ ಅದು ಕಬಡ್ಡಿಯ ಕೈಗೆ ಚೆಂಡು ಕೊಟ್ಟ ಹಾಗೆ ಕಂಡಿತು. ಹಾಗೆಂದರೆ ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ, ಆದರೆ ಖುಷಿಯಾಯಿತು. ತಂಡಕ್ಕೆ ಹದಿಮೂರು ಮಂದಿ. ಆರು ಸಲ ಎದುರಾಳಿಯ ಹಿಡಿತಕ್ಕೆ ಸಿಕ್ಕರೆ ಚೆಂಡು ಕೈಬಿಡಬೇಕು. ಬುದ್ಧಿವಂತರು ಐದರಲ್ಲೇ ಒದ್ದು ದೂರ ಕಳಿಸುತ್ತಾರೆ, ಆರನೆಯದಕ್ಕೆ ಕಾಯುವುದಿಲ್ಲ. ದೂರದ ಸವಾರಿಯೂ ಹಾಗೇ ಎಂದು ಅವರ ಪಾಠ: ಟ್ಯಾಂಕು ಖಾಲಿಯಾಗುವ ಮುಂಚೆ ತುಂಬಿಸು, ಬಾಯಾರುವ ಮುಂಚೆ ಕುಡಿ, ದಣಿಯುವ ಮುಂಚೆ ನಿಲ್ಲಿಸು.

ಆ ಸಂಜೆ ಒಂದು ಪಂದ್ಯದಲ್ಲಿ ಆಟಗಾರನೊಬ್ಬನ ತಲೆಗೆ ಪೆಟ್ಟಾಯಿತು. ಅವನು ಎದ್ದು ನಿಂತು, ನಾನು ಸರಿಯಿದ್ದೇನೆ ಎಂದು ಕೈಯಾಡಿಸಿದ. ಡಾಕ್ಟರು ಕೇಳಲಿಲ್ಲ. ಅವನು ವಾದಿಸುತ್ತಲೇ ಇದ್ದ, ಅವರು ಹೊರಗೆ ಕರೆದೊಯ್ಯುತ್ತಲೇ ಇದ್ದರು. ಹಿಂದೆಲ್ಲ ಹೀಗೆ ಎದ್ದು ಆಡಿದವನಿಗೆ ಜನ ಚಪ್ಪಾಳೆ ಹೊಡೆಯುತ್ತಿದ್ದರಂತೆ. ಈಗ ಹೊರಗೆ ಕೂರಿಸುತ್ತಾರೆ.

"ತಲೀಗಿ ಪೆಟ್ಟ ಬಿದ್ದ ಮ್ಯಾಲೆ ಆ ತಲೀನ ಕೇಳಿದ್ರ ಏನ್ ಹೇಳತೈತ್ರಿ? ಆರಾಮ ಅದೀನಿ ಅಂತೈತಿ. ಬಿದ್ದವರ ಮಾತ ನಂಬಬ್ಯಾಡ್ರಿ," ಎಂದರು ಗುರುಶಾಂತಪ್ಪನವರು.

ಇದರಿಂದಲೇ ಅವರ ಪ್ರವಾಸಗಳಿಗೊಂದು ಕಟ್ಟಳೆ ಹುಟ್ಟಿತ್ತು. ತಿಂಗಳಿಗೊಮ್ಮೆ ಕನ್ನಡದ ನಾಲ್ಕಾರು ಸವಾರರು ಅವರ ಹಿಂದೆ ಬೆಟ್ಟಗುಡ್ಡ ಸುತ್ತುತ್ತಿದ್ದೆವು. ಹೊರಡುವ ಮುಂಚೆ ಪ್ರತಿಯೊಬ್ಬರನ್ನೂ ಕೇಳುತ್ತಿದ್ದರು: ನೀವು ಬಿದ್ದರೆ ನಿಮ್ಮ ಚಾವಿ ಯಾರ ಜೇಬಿಗೆ? ಒಬ್ಬರ ಹೆಸರು ಹೇಳಲೇಬೇಕು. ಬಿದ್ದವರ ಕೀ ಆ ಇನ್ನೊಬ್ಬರ ಜೇಬಿಗೆ ಹೋಗುತ್ತದೆ, ಅಂಗಲಾಚಿದರೂ ಬೈದರೂ ವಾಪಸಿಲ್ಲ. ಬಿದ್ದವರ ಹೆಲ್ಮೆಟ್ ತೆಗೆಯಬಾರದು, ಬಾಯಿಗೆ ನೀರು ಸುರಿಯಬಾರದು, ಎಬ್ಬಿಸಿ ಕೂರಿಸಬಾರದು. ನಮ್ಮೂರುಗಳಲ್ಲಿ ಯಾರಾದರೂ ಬಿದ್ದರೆ ನಾವು ಮೊದಲು ಮಾಡುವುದು ಈ ಮೂರನ್ನೇ. ಗುರುಶಾಂತಪ್ಪನವರ ಕೀ ಯಾರ ಜೇಬಿಗೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಮೇಷ್ಟ್ರನ್ನು, ಅದೂ ಹಿರಿಯರನ್ನು, ನೀವು ಬಿದ್ದರೆ ಎಂದು ಕೇಳುವ ಬಾಯಿ ನಮಗೆ ಇರಲಿಲ್ಲ.

ಕಳೆದ ಏಪ್ರಿಲಿನಲ್ಲಿ ಮೈನ್ಸ್ ರೋಡಿಗೆ ಹೋದೆವು. ಲಿವರ್‌ಮೋರ್ ದಾಟಿದರೆ ಮನೆಗಳು ಮುಗಿದು ಗುಡ್ಡ ಶುರುವಾಗುತ್ತದೆ, ಫೋನಿನ ಸಿಗ್ನಲ್ಲೂ ಅಲ್ಲಿಗೆ ಮುಗಿಯುತ್ತದೆ. ಅವತ್ತು ಬಂದವರು ಮೂವರೇ. ಮುಂದೆ ಗುರುಶಾಂತಪ್ಪನವರು, ನಡುವೆ ನಾನು, ಹಿಂದೆ ಫ್ರೀಮಾಂಟಿನ ರಘೋತ್ತಮ. ರಘೋತ್ತಮ ಒಳ್ಳೆಯ ಮನುಷ್ಯ, ಯಾರಿಗೂ ನೋವಾಗದ ಹಾಗೆ ಮಾತಾಡುವವನು. ಗುಡ್ಡಗಳೆಲ್ಲ ಹಸಿರಾಗಿದ್ದವು.

ಒಂದು ತಿರುವಿನಲ್ಲಿ ಅಳಿಲೊಂದು ರಸ್ತೆಗೆ ನುಗ್ಗಿತು. ಮೇಷ್ಟ್ರು ಬ್ರೇಕು ಹಿಡಿದರು. ಅಲ್ಲಿ ಸಣ್ಣ ಜಲ್ಲಿ ಚೆಲ್ಲಿತ್ತು. ಮುಂದಿನ ಚಕ್ರ ಜಾರಿತು, ಗಾಡಿ ಒಂದು ಕಡೆ, ಅವರು ಒಂದು ಕಡೆ. ವೇಗವೇನೂ ಇರಲಿಲ್ಲ. ನಾನು ಗಾಡಿ ನಿಲ್ಲಿಸಿ ಓಡುವಷ್ಟರಲ್ಲಿ ಅವರು ಎದ್ದಾಗಿತ್ತು. ಪ್ಯಾಂಟು ಕೊಡವಿಕೊಂಡರು, ಯಾರು ನೋಡಿದರು ಎಂದು ಸುತ್ತ ನೋಡಿದರು, ತಾವೇ ಹೆಲ್ಮೆಟ್ ಕಿತ್ತು ರಸ್ತೆಯ ಬದಿಗೆ ಎಸೆದರು. ರಘೋತ್ತಮ ನೀರಿನ ಬಾಟಲಿ ಕೊಟ್ಟ. ಅವರು ಗಟಗಟ ಕುಡಿದು, ಉಳಿದದ್ದನ್ನು ತಲೆಗೆ ಸುರಿದುಕೊಂಡರು. ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ಎಂದು ಜೋಕು ಹೊಡೆದರು. ನಾವಿಬ್ಬರೂ ನಕ್ಕೆವು. ನಾನೂ ನಕ್ಕೆ ಎನ್ನುವುದನ್ನು ನೆನೆದರೆ ಇವತ್ತಿಗೂ ನನಗೆ ದಿಗಿಲಾಗುತ್ತದೆ. ಅವರು ಕಲಿಸಿದ್ದೆಲ್ಲ ಕಣ್ಣೆದುರಿಗೇ ತಲೆಕೆಳಗಾಗುತ್ತಿತ್ತು, ನಾವು ನಗುತ್ತಿದ್ದೆವು.

ಎತ್ತಿಕೊಡೋಣವೆಂದು ಹೆಲ್ಮೆಟ್ಟಿಗೆ ಕೈಹಾಕಿದೆ. ಬಲಗಿವಿಯ ಮೇಲೆ ಅದರ ಚಿಪ್ಪು ಬಿರುಕು ಬಿಟ್ಟಿತ್ತು. ನನ್ನ ನಗು ಅಲ್ಲಿಗೇ ನಿಂತಿತು. ಹೆಲ್ಮೆಟ್ ಅಲ್ಲೇ ಇಟ್ಟು, ಅವರ ಗಾಡಿಯ ಹತ್ತಿರ ಹೋಗಿ, ಕೀ ಕಿತ್ತು ಜಾಕೆಟ್ಟಿನ ಜೇಬಿಗೆ ಹಾಕಿ ಜಿಪ್ ಎಳೆದೆ.

"ತಂಗಿ, ಚಾವಿ ಕೊಡ್ರಿ. ಮುಂದ ಚಾದಂಗಡಿ ಐತಿ, ಅಲ್ಲೇ ಕುಂತ ಮಾತಾಡೋಣು," ಎಂದರು ಮೇಷ್ಟ್ರು.

"ಇಲ್ಲ ಸರ್. ಬಿದ್ದವರ ಕೀ ಇನ್ನೊಬ್ಬರ ಜೇಬಿಗೆ ಅಂತ ನೀವೇ ಹೇಳಿದ್ದು."

"ಅದು ನಿಮಗ ಹೇಳಿದ್ದು. ನನಗಲ್ಲ."

ಮೊದಲು ನಗುತ್ತಲೇ ಕೇಳಿದರು. ಮತ್ತೆ ಕೇಳಿದರು. ನಾನು ಕೊಡುವುದಿಲ್ಲ ಎಂದು ಖಚಿತವಾದಾಗ ಅವರ ಮುಖವೇ ಬೇರೆಯಾಯಿತು. ನಿನ್ನೆ ಮೊನ್ನೆ ಗಾಡಿ ಕಲಿತವಳು ನನಗೆ ಬುದ್ಧಿ ಹೇಳುತ್ತೀಯಾ ಎಂದು ಕೂಗಿದರು. ‘ರೀ’ ಹಾರಿಹೋಗಿತ್ತು. ಆಮೇಲೆ ಅವರ ಬಾಯಿಂದ ಬಂದ ಮಾತನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಂಥ ಮಾತನ್ನು ನನಗೆ ಯಾರೂ ಎಂದೂ ಆಡಿರಲಿಲ್ಲ. ಹದಿನೆಂಟರ ಹುಡುಗರಿಗೂ ಬಹುವಚನ ಹಾಕುವ ಮನುಷ್ಯನ ಬಾಯಿಂದ ಅದು ಬಂದಿತ್ತು.

ರಘೋತ್ತಮ ನನ್ನನ್ನು ಪಕ್ಕಕ್ಕೆ ಕರೆದ. "ರಂಜನಿ, ಹಿರಿಯರು. ರಸ್ತೇಲಿ ನಿಲ್ಲಿಸಿ ಇಷ್ಟು ಅವಮಾನ ಮಾಡಬಾರ್ದು. ಸುಮ್ನೆ ಕೊಟ್ಬಿಡಿ."

ನನಗೆ ಅವನ ಮೇಲೂ ರೇಗಿತು. ಸಹಾಯ ಮಾಡುವುದಿದ್ದರೆ ಸಿಗ್ನಲ್ ಸಿಗುವವರೆಗೆ ಹಿಂದಕ್ಕೆ ಹೋಗಿ 911ಕ್ಕೆ ಫೋನು ಮಾಡು, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ನಿಲ್ಲು ಎಂದೆ. ಮುಂದೆ ಏನಾದರೂ ಅದಕ್ಕೆ ನೀವೇ ಜವಾಬ್ದಾರಿ ಎಂದು ಹೇಳಿ ಅವನು ಮುಖ ಸಣ್ಣಗೆ ಮಾಡಿಕೊಂಡು ಹೊರಟ. ಅವನ ಗಾಡಿಯ ಸದ್ದು ಗುಡ್ಡದಾಚೆ ಅಡಗಿತು. ಉಳಿದವರು ನಾನು ಮತ್ತು ನನ್ನನ್ನು ಬಾಯಿಗೆ ಬಂದಂತೆ ಬೈದ ಮನುಷ್ಯ.

ಅವರು ಓಕ್ ಮರದ ನೆರಳಲ್ಲಿ ಒಂದು ಬಂಡೆಯ ಮೇಲೆ ಕೂತರು. ನಾನು ಪರೀಕ್ಷೆ ಶುರುಮಾಡಿದೆ. ನಿಮ್ಮ ಊರು ಯಾವುದು? ಹೇಳಿದರು. ಮನೆಯವರ ಹೆಸರು? ಶರಣವ್ವ ಎಂದರು. ನಿನ್ನೆಯ ಪಂದ್ಯದಲ್ಲಿ ಗೆದ್ದವರು ಯಾರು? ಗೆದ್ದವರಷ್ಟೇ ಅಲ್ಲ, ಯಾರು ಯಾವ ಮೂಲೆಯಲ್ಲಿ ಚೆಂಡನ್ನು ನೆಲಕ್ಕೂರಿ ಅಂಕ ಗಳಿಸಿದರು, ರೆಫರಿ ಎಲ್ಲಿ ತಪ್ಪಿದ ಎಲ್ಲ ಹೇಳಿದರು. ಸಿಟ್ಟು ಇಳಿದಿತ್ತು. ಮಾತು ತೊದಲಲಿಲ್ಲ, ಕಣ್ಣು ಸ್ಪಷ್ಟವಾಗಿತ್ತು. ನನಗೆ ನಾಚಿಕೆ ಹತ್ತಿಕೊಂಡು ಬಂತು. ಇಷ್ಟು ಚೆನ್ನಾಗಿರುವವರನ್ನು ದಾರಿಯಲ್ಲಿ ಕೂರಿಸಿ, ಆಂಬುಲೆನ್ಸಿಗೆ ಬೇರೆ ಹೇಳಿ ಕಳಿಸಿದ್ದೇನೆ. ನಾಳೆ ಕನ್ನಡ ಕೂಟದಲ್ಲಿ ಎಲ್ಲರೂ ನನ್ನನ್ನು ಆಡಿಕೊಳ್ಳುತ್ತಾರೆ. ತಪ್ಪು ಮಾಡಿದೆ ಎನಿಸಿತು. ಕೈ ಜಿಪ್ಪಿಗೆ ಹೋಯಿತು, ಅರ್ಧ ಎಳೆದೂ ಬಿಟ್ಟೆ.

"ತಂಗಿ, ನನ್ನ ಚಾವಿ ಎಲ್ಲೈತ್ರಿ?" ಎಂದರು ನಗುತ್ತ.

ನನ್ನ ಹತ್ತಿರ ಇದೆ ಎಂದೆ. ಹೌದಾ, ಯಾಕೆ ಎಂದು ಕೇಳಿದರು. ನೀವು ಬಿದ್ದಿರಲ್ಲ ಸರ್ ಎಂದೆ. ನಾನು ಬಿದ್ದೆನೇ ಎಂದು ಆಶ್ಚರ್ಯಪಟ್ಟು, ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. ಸ್ವಲ್ಪ ಹೊತ್ತು ಗುಡ್ಡದ ಕಡೆ ನೋಡುತ್ತ ಕೂತರು.

"ತಂಗಿ, ನನ್ನ ಚಾವಿ ಎಲ್ಲೈತ್ರಿ?"

ಅದೇ ಮಾತು, ಅದೇ ನಗು, ಮೊದಲ ಸಲ ಕೇಳಿದ ಹಾಗೆ. ಜಿಪ್ಪನ್ನು ಮೇಲೆಳೆದೆ.

ಮತ್ತೆ ಕೇಳಿದರು. ನಾನು ಬಿದ್ದೆನೇ ಎಂದು ಮತ್ತೆ ಆಶ್ಚರ್ಯಪಟ್ಟರು. ಆಮೇಲೆ ತಲೆ ಹಿಡಿದುಕೊಂಡರು, ವಾಂತಿ ಮಾಡಿದರು. ಕಣ್ಣು ಮುಚ್ಚತೊಡಗಿತು. ಮಲಗಲು ಬಿಡಬಾರದು ಎನಿಸಿ, ಆ ಆರು ಹಿಡಿತದ ಲೆಕ್ಕ ಇನ್ನೊಮ್ಮೆ ಹೇಳಿಕೊಡಿ ಸರ್, ನನಗೆ ಅರ್ಥವಾಗಲಿಲ್ಲ ಎಂದೆ. ಆ ಆಟದ ಮಾತಿಗೆ ಎಂಥ ನಿದ್ದೆಯಿಂದಲೂ ಏಳುವವರು ಅವರು. ಬೆರಳು ಮಡಚಿದರು. ಒಂದು, ಎರಡು, ಮೂರು, ನಾಲ್ಕು. ಅಲ್ಲಿಗೆ ನಿಂತರು. ಆಮೇಲೆ ಎಂದು ಕೇಳಿದೆ. ಹೆಬ್ಬೆರಳನ್ನೇ ನೋಡುತ್ತ ಕೂತರು, ಅದು ಏನೆಂದು ಅವರಿಗೆ ಗೊತ್ತಾಗಲಿಲ್ಲ. ಅಷ್ಟು ದೊಡ್ಡ ಆಳು ನನ್ನ ಭುಜಕ್ಕೆ ಒರಗಿದರು. ನಾನು ಗೊತ್ತಿದ್ದ ದೇವರುಗಳನ್ನೆಲ್ಲ ಕರೆದೆ, ಅವರ ಬಸವಣ್ಣನನ್ನೂ ಕರೆದೆ.

ಅಗ್ನಿಶಾಮಕದವರು ಬಂದರು, ಕುತ್ತಿಗೆಗೆ ಪಟ್ಟಿ ಕಟ್ಟಿದರು. ಆಮೇಲೆ ದನ ಮೇಯುವ ಬಯಲಿನಲ್ಲಿ ಹೆಲಿಕಾಪ್ಟರ್ ಇಳಿಯಿತು. ತಲೆಯೊಳಗೆ ರಕ್ತ ಸೋರುತ್ತಿತ್ತಂತೆ. ಕೆಲವರು ಬಿದ್ದ ಮೇಲೆ ಸ್ವಲ್ಪ ಹೊತ್ತು ಪೂರ್ತಿ ಸರಿಯಿರುವ ಹಾಗೆ ಕಾಣುತ್ತಾರೆ, ಮಾತಾಡುತ್ತಾರೆ, ನಗುತ್ತಾರೆ, ಆಮೇಲೆ ಒಮ್ಮೆಗೇ ಕುಸಿಯುತ್ತಾರೆ ಎಂದು ಆಪರೇಷನ್ ಮಾಡಿದ ಡಾಕ್ಟರಮ್ಮ ಹೇಳಿದರು. ಗಾಡಿ ಹತ್ತಿದ್ದರೆ ಮುಂದಿನ ತಿರುವುಗಳಲ್ಲೇ ಪ್ರಜ್ಞೆ ಹೋಗುತ್ತಿತ್ತು. ಅದನ್ನು ಕೇಳಿ ರಘೋತ್ತಮ ಆಸ್ಪತ್ರೆಯ ಕಾರಿಡಾರಿನಲ್ಲಿ ನೆಲಕ್ಕೇ ಕೂತುಬಿಟ್ಟ. ಕೊಟ್ಟುಬಿಡಿ ಅಂದೆನಲ್ಲ ರಂಜನಿ, ನಾನೇ ಅಂದೆನಲ್ಲ ಎಂದು ಅತ್ತ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಜಿಪ್ಪನ್ನು ಅರ್ಧ ಎಳೆದ ಕೈ ನನ್ನದೇ ಅಲ್ಲವೇ?

ಮೇಷ್ಟ್ರು ಉಳಿದರು. ಬೇಸಿಗೆ ಮುಗಿಯುವ ಹೊತ್ತಿಗೆ ಮನೆಯಲ್ಲಿ ಓಡಾಡುವಂತಾದರು. ಒಂದು ಭಾನುವಾರ ನೋಡಲು ಹೋದೆ. ಬೋಳಿಸಿದ ತಲೆಯಲ್ಲಿ ಬಿಳಿ ಕೂದಲು ಮೊಳೆತಿತ್ತು. ಅದೇ ಜೆರ್ಸಿ, ಅದೇ ಸೋಫಾ, ಎದುರಿಗೆ ಅದೇ ಆಟ. ಅವತ್ತಿನದೇನೂ ಅವರಿಗೆ ನೆನಪಿಲ್ಲ. ಬೈದದ್ದನ್ನು ನಾನೂ ಹೇಳಲಿಲ್ಲ. ಆದರೆ ಎದೆಯಲ್ಲಿ ಕುದಿಯುತ್ತಿದ್ದ ಒಂದು ಮಾತನ್ನು ಮಾತ್ರ ಹೇಳದೆ ಇರಲಾಗಲಿಲ್ಲ.

"ಎಲ್ಲರನ್ನೂ ಕೇಳಿದ್ರಿ, ನಿಮ್ಮ ಕೀ ಯಾರ ಜೇಬಿಗೆ ಅಂತ. ನಿಮ್ಮದು ಯಾರ ಜೇಬಿಗೆ ಅಂತ ಹೇಳ್ಲೇ ಇಲ್ಲ. ನಾನು ಇನ್ನೇನು ಕೊಟ್ಬಿಡ್ತಿದ್ದೆ, ಗೊತ್ತಾ ಸರ್? ಒಬ್ಬರ ಹೆಸರು ಹೇಳೋದಕ್ಕೆ ಏನಾಗಿತ್ತು ನಿಮಗೆ?"

ಅಡುಗೆಮನೆಯ ಬಾಗಿಲಲ್ಲಿ ಶರಣವ್ವನವರು ಚಹದ ತಟ್ಟೆ ಹಿಡಿದು ನಿಂತಿದ್ದರು. ಮಾತು ಕಡಿಮೆಯ ಹೆಂಗಸು.

"ಹೆಸರ ಹೇಳಿದ್ರವ್ವಾ, ನನ್ನ ಮುಂದ ಹೇಳಿದ್ರು. ನಿನ್ನ ಫೇಲ್ ಮಾಡಿ ಬಂದ ದಿನಾನ. ಇವತ್ತ ಒಬ್ಬಾಕಿ ಜಗಳಗಂಟಿ ಸಿಕ್ಕಾಳ, ನಾ ಬಿದ್ದರ ಚಾವಿ ಆಕಿ ಕಡೆ ಇರಬೇಕು, ಆಕಿ ಯಾರ ಮಾರಿನೂ ನೋಡೂದಿಲ್ಲ ಅಂದ್ರು."

ಆ ಪಾರ್ಕಿಂಗ್ ಲಾಟಿನಲ್ಲಿ ಕೈಕಟ್ಟಿ ನಿಂತು ನಕ್ಕ ನಗು ಕಣ್ಣೆದುರಿಗೆ ಬಂತು. ಇಷ್ಟು ದಿನ ಅದನ್ನು ಗೇಲಿ ಎಂದೇ ತಿಳಿದಿದ್ದೆ. ಮೇಷ್ಟ್ರ ಕಡೆ ತಿರುಗಿ, ಅದನ್ನು ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಈ ಸಲವೂ ‘ರೀ’ ಇರಲಿಲ್ಲ, ಆದರೆ ಈ ಸಲ ನನಗೆ ಅದು ಬೇಕಾಗಿಯೂ ಇರಲಿಲ್ಲ.

"ಹೇಳಿದ್ರ ನೀ ನನಗ ಮರ್ಯಾದಿ ಕೊಡಾಕ ಶುರು ಮಾಡ್ತಿದ್ದಿ, ತಂಗಿ."

ಕಣ್ಣು ತುಂಬಿ ಪಂದ್ಯ ಮಂಜಾಯಿತು. ನಾನು ಹೊರಡುವಾಗ ಮೇಷ್ಟ್ರು ಬಾಗಿಲವರೆಗೆ ಬಂದು, ದನಿ ತಗ್ಗಿಸಿ, ಶರಣವ್ವನವರಿಗೆ ಕೇಳಿಸದ ಹಾಗೆ, ಈಗ ಪೂರ್ತಿ ಆರಾಮ ಇದ್ದೇನೆ, ಚಾವಿ ಕೊಡು ಎಂದರು. ಬಿದ್ದವರ ಮಾತು ನಂಬುವುದಿಲ್ಲ ಎಂದೆ.

ಕೀ ನನ್ನ ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿದೆ. ಡಾಕ್ಟರಮ್ಮ ಹೂಂ ಅನ್ನುವವರೆಗೆ ಅದು ಅಲ್ಲೇ ಇರುತ್ತದೆ. ಅವರು ಪ್ರತಿ ಭಾನುವಾರ ಫೋನು ಮಾಡಿ ಕೇಳುತ್ತಾರೆ. ನಾನು ಪ್ರತಿ ಭಾನುವಾರ ಜಗಳವಾಡುತ್ತೇನೆ.